ಟ್ರಂಕಿನಲ್ಲಿ ಸಿಕ್ಕ ವಿದೇಶಿ ನಾಣ್ಯ: ಯಾವ ದೇಶದ್ದು, ಅಸಲಿಯೋ ಖೋಟಾವೋ?

"ತಾತನ ಟ್ರಂಕಿನಲ್ಲಿ ಈ ನಾಣ್ಯ ಸಿಕ್ಕಿತು, ಇದರ ಬೆಲೆ ಎಷ್ಟಾಗಬಹುದು?" ಎಂಬ ಪ್ರಶ್ನೆಯ ಜೊತೆಗೆ ಮಬ್ಬಾದ ಒಂದು ಫೋಟೊ ಕಳಿಸುವವರು ಕೋಲಾರ ಜಿಲ್ಲೆಯಲ್ಲಿ ಬಹಳ ಮಂದಿ ಇದ್ದಾರೆ. ಅದಕ್ಕೆ ಕಾರಣವೂ ಇದೆ. 1880ರ ದಶಕದಿಂದ ಜಾನ್ ಟೇಲರ್ ಕಂಪನಿಯವರು ಚಿನ್ನದ ಗಣಿಗಳನ್ನು ನಡೆಸಿದಾಗ ಇಂಗ್ಲಿಷರು, ಇಟಲಿಯವರು, ಆಂಗ್ಲೋ ಇಂಡಿಯನ್ನರು ಕೆಜಿಎಫ್‌ನಲ್ಲಿ ನೆಲೆಸಿದರು. 2001ರಲ್ಲಿ ಗಣಿ ಮುಚ್ಚಿದ ಮೇಲೆ ಅನೇಕ ಮನೆಗಳು ಖಾಲಿಯಾಗಿ, ಅವರ ಪೆಟ್ಟಿಗೆಯ ಸಾಮಾನು ಗುಜರಿ ಅಂಗಡಿಗಳಿಗೂ ನೆರೆಮನೆಗಳಿಗೂ ಹಂಚಿಹೋಯಿತು. ಮೈಸೂರು ಲ್ಯಾನ್ಸರ್ಸ್ ಅಶ್ವದಳದವರು 1918ರ ಸೆಪ್ಟೆಂಬರ್ 23ರಂದು, ಆಗ ತುರ್ಕರ ವಶದಲ್ಲಿದ್ದ ಹೈಫಾದಲ್ಲಿ ಕಾದಾಡಿದವರು. ಅಂಥ ಸಿಪಾಯಿಗಳ ವಂಶದಲ್ಲಿ ತುರ್ಕಿಯ, ಈಜಿಪ್ಟಿನ ಬಿಡಿ ಕಾಸು ಉಳಿದಿದ್ದರೆ ಆಶ್ಚರ್ಯವಿಲ್ಲ. ಕೊಲ್ಲಿ ದೇಶಗಳಿಗೆ ದುಡಿಯಲು ಹೋಗಿಬಂದವರು ತಂದದ್ದು ಇನ್ನೊಂದು ಬಗೆ. ಅಜ್ಜಿಯ ಕೊರಳ ಪುತಳಿ ಸರದ ಬಿಲ್ಲೆಯೂ ಮೂಲದಲ್ಲಿ ವಿದೇಶಿ ನಾಣ್ಯವೇ. ಅದರ ಮಾತು ಮುಂದೆ ಬರುತ್ತದೆ.

ಬೆಲೆಯ ಪ್ರಶ್ನೆಗೆ ನಾನು ಉತ್ತರ ಕೊಡುವುದಿಲ್ಲ, ಕೊಡಲು ಬರುವುದೂ ಇಲ್ಲ. ಇದು ಯಾವ ದೇಶದ ನಾಣ್ಯ, ಯಾವ ವರ್ಷದ್ದು, ಎಷ್ಟು ಮೌಲ್ಯದ್ದು, ಆ ದೇಶದ ಟಂಕಸಾಲೆ (ನಾಣ್ಯ ಮುದ್ರಿಸುವ ಸರ್ಕಾರಿ ಕಾರ್ಖಾನೆ) ನಿಗದಿ ಮಾಡಿದ್ದ ತೂಕಕ್ಕೂ ಅಳತೆಗೂ ಇದು ಹೊಂದುತ್ತದೆಯೇ ಎಂಬ ಪ್ರಶ್ನೆಗಳಿಗೆ ಉತ್ತರ ಸಿಕ್ಕುವವರೆಗೆ ಬೆಲೆ ಹೇಳುವವರು ಯಾರೇ ಆಗಲಿ, ಊಹೆಯನ್ನು ಹೇಳುತ್ತಿದ್ದಾರೆ ಎಂದೇ ತಿಳಿಯಿರಿ. ಈ ಪ್ರಶ್ನೆಗಳಿಗೆ ಮನೆಯಲ್ಲೇ ಕುಳಿತು ಉತ್ತರ ಕಂಡುಕೊಳ್ಳುವ ಕ್ರಮವನ್ನು ಕೆಳಗೆ ಹಂತ ಹಂತವಾಗಿ ವಿವರಿಸಿದ್ದೇನೆ.

ಬೇಕಾಗುವ ಸಾಮಾನು

ಒಂದು ಗ್ರಾಂನ ನೂರನೇ ಒಂದು ಭಾಗವನ್ನು (0.01 ಗ್ರಾಂ) ತೋರಿಸುವ ಪುಟ್ಟ ಡಿಜಿಟಲ್ ತಕ್ಕಡಿ, ವರ್ನಿಯರ್ ಕ್ಯಾಲಿಪರ್ (ವ್ಯಾಸವನ್ನೂ ದಪ್ಪವನ್ನೂ ಅಳೆಯುವ ಉಪಕರಣ), ಗಡಿಯಾರ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವಂಥ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರ, ಒಂದು ನಿಯೋಡಿಮಿಯಂ ಅಯಸ್ಕಾಂತ, ಒಂದು ಲೋಟ ನೀರು, ತೆಳು ಹೊಲಿಗೆ ದಾರ, ಒಂದು ನೋಟ್‌ಪುಸ್ತಕ. ತಕ್ಕಡಿಯ ವಿಷಯದಲ್ಲಿ ಜಿಪುಣತನ ಮಾಡಬೇಡಿ. ಅಡುಗೆಮನೆಯ ತಕ್ಕಡಿ ಒಂದು ಗ್ರಾಂಗಿಂತ ಕಡಿಮೆಯನ್ನು ತೋರಿಸುವುದಿಲ್ಲ. ಖೋಟಾ ಸಿಕ್ಕಿಬೀಳುವುದು ಬಹುಪಾಲು ಆ ಒಂದು ಗ್ರಾಂನ ಒಳಗೇ.

1. ತೊಳೆಯಬೇಡಿ, ಉಜ್ಜಬೇಡಿ

ಮೊದಲ ಹಂತವೆಂದರೆ ಏನೂ ಮಾಡದಿರುವುದು. ಹುಣಸೆಹಣ್ಣು, ವಿಭೂತಿ, ನಿಂಬೆರಸ, ಪಾತ್ರೆ ತಿಕ್ಕುವ ಪುಡಿ, ಟೂತ್‌ಪೇಸ್ಟ್ ಇವು ಯಾವುವೂ ನಾಣ್ಯದ ಹತ್ತಿರ ಸುಳಿಯಬಾರದು. ಬೆಳ್ಳಿಯ ಮೇಲೆ ಕೂತ ಬೂದುಗಪ್ಪು, ತಾಮ್ರದ ಮೇಲಿನ ಕಂದು ಕಾಲಕ್ರಮದಲ್ಲಿ ತಾವಾಗಿ ಬೆಳೆದ ಪದರಗಳು. ಸಂಗ್ರಾಹಕರು ಆ ಪದರಕ್ಕೇ ಬೆಲೆ ಕೊಡುತ್ತಾರೆ. ಖೋಟಾ ಪತ್ತೆ ಹಚ್ಚಲೂ ಅದೇ ಸಾಕ್ಷಿ. ಒಮ್ಮೆ ಉಜ್ಜಿದ ನಾಣ್ಯದ ಮೇಲೆ ಕೂದಲೆಳೆಯಂಥ ಗೀರುಗಳು ಉಳಿಯುತ್ತವೆ, ಮಸೂರದಡಿ ಅವು ಎದ್ದು ಕಾಣುತ್ತವೆ. ಮಣ್ಣು ಅಂಟಿದ್ದರೆ ಬರೀ ನೀರಿನಲ್ಲಿ ನೆನೆಸಿಟ್ಟು, ಮೆತ್ತನೆಯ ಬಟ್ಟೆಯ ಮೇಲೆ ಒರಗಿಸಿ ಆರಲು ಬಿಡಿ. ಒತ್ತಿ ಒರೆಸಬೇಡಿ.

ಇನ್ನೊಂದು ಎಚ್ಚರಿಕೆ: ಚಿನ್ನದಂತೆ ಕಾಣುವ ನಾಣ್ಯ ಸಿಕ್ಕಿದ ಕೂಡಲೇ ಅಕ್ಕಸಾಲಿಗರ ಬಳಿ ಕೊಂಡೊಯ್ದು ಒರೆಗಲ್ಲಿಗೆ ಹಚ್ಚಿಸುವ ಅಭ್ಯಾಸ ನಮ್ಮ ಕಡೆ ಇದೆ. ಒರೆಗಲ್ಲು ಒಡವೆಗೆ ಸರಿ. ನಾಣ್ಯದ ಅಂಚಿನಲ್ಲಿ ಅದು ಉಳಿಸುವ ಸವಕಲು ಮಾತ್ರ ಶಾಶ್ವತ.

2. ದೇಶವನ್ನು ಗುರುತಿಸಿ

ನಾಣ್ಯದ ಅಂಚಿನ ಸುತ್ತ ಬರುವ ಬರಹವನ್ನು ಅಕ್ಷರ ಬಿಡದೆ ನೋಟ್‌ಪುಸ್ತಕದಲ್ಲಿ ಇಳಿಸಿಕೊಳ್ಳಿ. ಅನೇಕ ದೇಶಗಳು ನಾವು ಕರೆಯುವ ಹೆಸರನ್ನು ತಮ್ಮ ನಾಣ್ಯದ ಮೇಲೆ ಹಾಕುವುದಿಲ್ಲ ಎಂಬುದೇ ಇಲ್ಲಿನ ತೊಡಕು. ಹೆಲ್ವೆಟಿಯಾ ಎಂದಿದ್ದರೆ ಅದು ಸ್ವಿಟ್ಜರ್ಲೆಂಡ್, ಸುವೊಮಿ ಎಂದರೆ ಫಿನ್ಲೆಂಡ್, ಸ್ವೆರಿಗೆ ಎಂದರೆ ಸ್ವೀಡನ್, ಮಗ್ಯಾರ್ ಎಂದು ಶುರುವಾದರೆ ಹಂಗೆರಿ. ಮೂರು 'ಸಿ' ಮತ್ತು ಒಂದು 'ಪಿ' ಇದ್ದರೆ ಅದು ಇಂಗ್ಲಿಷ್ ಅಲ್ಲ, ರಷ್ಯನ್ ಲಿಪಿಯ 'ಎಸ್ ಎಸ್ ಎಸ್ ಆರ್', ಅಂದರೆ ಸೋವಿಯತ್ ಒಕ್ಕೂಟ. 'ವಿ ಒ ಸಿ' ಅಕ್ಷರಗಳನ್ನು ಒಂದರೊಳಗೊಂದು ಹೆಣೆದ ತಾಮ್ರದ ಕಾಸು ಡಚ್ಚರ ಈಸ್ಟ್ ಇಂಡಿಯಾ ಕಂಪನಿಯ ಡ್ಯೂಟ್.

ಬ್ರಿಟನ್ನಿನ ಹಳೆಯ ನಾಣ್ಯಗಳಲ್ಲಿ ದೇಶದ ಹೆಸರು ನೇರವಾಗಿ ಇರುವುದಿಲ್ಲ; ರಾಜನ ಹೆಸರು ಮತ್ತು ಮೊಟಕುಗೊಳಿಸಿದ ಲ್ಯಾಟಿನ್ ಬಿರುದುಗಳು ಇರುತ್ತವೆ. 'ಇಂಡ್ ಇಂಪ್' ಎಂಬುದನ್ನು ಕಂಡು ಇದು ಭಾರತದ ನಾಣ್ಯ ಎಂದುಕೊಳ್ಳುವವರು ಹಲವರು. ಅದರ ಅರ್ಥ ಭಾರತದ ಚಕ್ರವರ್ತಿ ಎಂದಷ್ಟೇ. ಆ ಬಿರುದು ಲಂಡನ್ನಿನ ಪೆನ್ನಿಯ ಮೇಲೂ ಇತ್ತು.

ರಾಜರ ಮುಖ ಯಾವ ಕಡೆಗೆ ತಿರುಗಿದೆ ಎಂಬುದನ್ನೂ ಬರೆದುಕೊಳ್ಳಿ. ಬ್ರಿಟನ್ನಿನ ನಾಣ್ಯಗಳಲ್ಲಿ ವಿಕ್ಟೋರಿಯಾ ನೋಡುವವರ ಎಡಕ್ಕೆ, ಏಳನೆಯ ಎಡ್ವರ್ಡ್ ಬಲಕ್ಕೆ, ಐದನೆಯ ಜಾರ್ಜ್ ಮತ್ತು ಆರನೆಯ ಜಾರ್ಜ್ ಇಬ್ಬರೂ ಎಡಕ್ಕೆ, ಎರಡನೆಯ ಎಲಿಜಬೆತ್ ಬಲಕ್ಕೆ ನೋಡುತ್ತಾರೆ. ಏಳನೆಯ ಎಡ್ವರ್ಡ್ ಎಡಕ್ಕೆ ತಿರುಗಿ ಕೂತಿದ್ದರೆ ಮುಂದಿನ ಪರೀಕ್ಷೆಗಳ ಶ್ರಮವೇ ಬೇಡ.

3. ವರ್ಷವನ್ನು ಓದಿ

ಅರಬ್ಬಿ ಅಂಕಿಗಳಿಗೆ ಹೆದರಬೇಕಾಗಿಲ್ಲ. ಒಂದು ಎಂಬುದು ನಿಂತ ಕಡ್ಡಿ. ಸೊನ್ನೆ ಬರೀ ಚುಕ್ಕೆ. ನಮ್ಮ ಕನ್ನಡದ ಸೊನ್ನೆಯಂತೆ ದುಂಡಗಿರುವುದು ಐದು. ಇಂಗ್ಲಿಷಿನ 7ರಂತೆ ಕಾಣುವುದು ಆರು. ಇಂಗ್ಲಿಷಿನ 'ವಿ' ಅಕ್ಷರದಂತಿರುವುದು ಏಳು, ಅದನ್ನೇ ಬೋರಲು ಹಾಕಿದರೆ ಎಂಟು. ಅರಬ್ಬಿ ಬರಹ ಬಲದಿಂದ ಎಡಕ್ಕೆ ಹೋದರೂ ಅಂಕಿಗಳನ್ನು ನಮ್ಮಂತೆಯೇ ಎಡದಿಂದ ಬಲಕ್ಕೆ ಓದಬೇಕು. ಕನ್ನಡದ ಸೊನ್ನೆಯ ಅಭ್ಯಾಸವಿರುವ ನಾವು ಐದನ್ನು ಸೊನ್ನೆಯೆಂದು ಓದುವುದೇ ಹೆಚ್ಚು, ಅಲ್ಲಿ ನಿಧಾನಿಸಿ.

ಹೀಗೆ ಓದಿದ್ದು ಹಿಜರಿ ವರ್ಷವಾಗಿದ್ದರೆ ಅದನ್ನು 0.97ರಿಂದ ಗುಣಿಸಿ 622 ಕೂಡಿಸಿ. 1344 ಎಂದಿದ್ದರೆ ಲೆಕ್ಕ 1925.68 ಬರುತ್ತದೆ, ಅಂದರೆ ಕ್ರಿ.ಶ. 1925–26. ತುರ್ಕಿಯ ಆಟೋಮನ್ ನಾಣ್ಯಗಳಲ್ಲಿ ಒಂದು ಉಪಾಯವಿದೆ: ಅಲ್ಲಿ ದೊಡ್ಡದಾಗಿ ಬರೆದಿರುವುದು ಸುಲ್ತಾನ ಪಟ್ಟಕ್ಕೆ ಬಂದ ವರ್ಷ, ಬೇರೆ ಕಡೆ ಚಿಕ್ಕದಾಗಿ ಇರುವುದು ಆಳ್ವಿಕೆಯ ಎಷ್ಟನೆಯ ವರ್ಷ ಎಂಬುದು. ಐದನೆಯ ಮೆಹಮದನ ನಾಣ್ಯದಲ್ಲಿ 1327 ಮತ್ತು 4 ಇದ್ದರೆ ನಾಣ್ಯ ಹೊರಬಿದ್ದದ್ದು ಹಿಜರಿ 1330ರಲ್ಲಿ, ಸರಿಸುಮಾರು ಕ್ರಿ.ಶ. 1912. ಥಾಯ್ಲೆಂಡಿನ ಬೌದ್ಧ ವರ್ಷದಿಂದ 543 ಕಳೆಯಿರಿ, ನೇಪಾಳದ ವಿಕ್ರಮ ಸಂವತ್ಸರದಿಂದ 57 ಕಳೆದರೆ ಸಾಕಷ್ಟು ಹತ್ತಿರ ಬರುತ್ತೀರಿ. ಜಪಾನಿನಲ್ಲಿ ಚಕ್ರವರ್ತಿಯ ಶಕೆಯ ಎಣಿಕೆ: ಮೇಜಿ ಶಕೆಯ ಮೊದಲ ವರ್ಷ 1868, ತೈಶೊ 1912, ಶೋವಾ 1926. ಚೀನಾ ಗಣರಾಜ್ಯದ ವರ್ಷಕ್ಕೆ 1911 ಕೂಡಿಸಿ.

ನಾಣ್ಯದ ಮೇಲಿನ ವರ್ಷವೇ ಅದು ತಯಾರಾದ ವರ್ಷ ಎಂದು ಯಾವಾಗಲೂ ಹೇಳುವಂತಿಲ್ಲ. ಆಸ್ಟ್ರಿಯಾದ ಮಾರಿಯಾ ತೆರೇಸಾ ಥೇಲರ್ ಎಂಬ ದೊಡ್ಡ ಬೆಳ್ಳಿ ನಾಣ್ಯದ ಮೇಲೆ 1780 ಎಂದೇ ಇರುತ್ತದೆ; ರಾಣಿ ಸತ್ತದ್ದು ಆ ವರ್ಷ. ಅರಬ್ಬರೂ ಇಥಿಯೋಪಿಯಾದವರೂ ಆ ನಾಣ್ಯವನ್ನೇ ನಂಬುತ್ತಿದ್ದುದರಿಂದ ವಿಯೆನ್ನಾ, ಲಂಡನ್, ರೋಮ್ ಮೊದಲಾದ ಟಂಕಸಾಲೆಗಳು, 1940ರ ಸುಮಾರಿಗೆ ನಮ್ಮ ಮುಂಬಯಿಯ ಟಂಕಸಾಲೆಯೂ ಅದೇ ವರ್ಷ ಹಾಕಿ ಮತ್ತೆ ಮತ್ತೆ ಮುದ್ರಿಸಿದವು. ಇವನ್ನು ಮರುಮುದ್ರಣ ಎನ್ನುತ್ತಾರೆ. ಅವು ಖೋಟಾ ಅಲ್ಲ, ಆದರೆ 1780ರವೂ ಅಲ್ಲ. "ಇನ್ನೂರ ನಲವತ್ತು ವರ್ಷ ಹಳೆಯದು" ಎಂದು ಯಾರಾದರೂ ಇದನ್ನು ಮಾರಲು ಬಂದರೆ ತೂಕದ ಬೆಳ್ಳಿಯ ಬೆಲೆಯಿಂದಲೇ ಮಾತು ಶುರುಮಾಡಿ.

4. ತೂಗಿ, ಅಳೆಯಿರಿ

ಇಡೀ ಕೆಲಸದ ಜೀವಾಳ ಈ ಹಂತ. ಟಂಕಸಾಲೆಗಳು ತೂಕವನ್ನೂ ವ್ಯಾಸವನ್ನೂ ಕಾನೂನಿನಲ್ಲೇ ನಿಗದಿ ಮಾಡಿದ್ದವು. ಖೋಟಾ ಮಾಡುವವನಿಗೆ ರೂಪ ತರುವುದು ಸುಲಭ, ತೂಕ, ವ್ಯಾಸ, ದಪ್ಪ ಮೂರನ್ನೂ ಒಟ್ಟಿಗೆ ತರುವುದು ಕಷ್ಟ. ಅಗ್ಗದ ಲೋಹಗಳು ಬಹುಪಾಲು ಬೆಳ್ಳಿಗಿಂತ ಹಗುರವಾದ್ದರಿಂದ ತೂಕ ಸರಿಮಾಡಲು ಹೋದರೆ ನಾಣ್ಯ ದಪ್ಪವಾಗುತ್ತದೆ, ದಪ್ಪ ಸರಿಮಾಡಿದರೆ ತೂಕ ಬೀಳುತ್ತದೆ.

ನಮ್ಮ ಕಡೆ ಹೆಚ್ಚಾಗಿ ಕೈಗೆ ಬರುವ ಕೆಲವು ನಾಣ್ಯಗಳ ಅಳತೆ ಹೀಗಿದೆ:

ಬ್ರಿಟಿಷ್ ಸವರನ್: 7.99 ಗ್ರಾಂ, 22.05 ಮಿ.ಮೀ., 22 ಕ್ಯಾರೆಟ್ ಚಿನ್ನ.
ಬ್ರಿಟಿಷ್ ಟ್ರೇಡ್ ಡಾಲರ್ (1895–1935): 26.95 ಗ್ರಾಂ, 39 ಮಿ.ಮೀ., ಸಾವಿರಕ್ಕೆ 900 ಭಾಗ ಬೆಳ್ಳಿ.
ಅಮೆರಿಕದ ಮಾರ್ಗನ್ ಡಾಲರ್ (1878–1904 ಮತ್ತು 1921): 26.73 ಗ್ರಾಂ, 38.1 ಮಿ.ಮೀ., 900 ಭಾಗ ಬೆಳ್ಳಿ.
ಅಮೆರಿಕದ ಟ್ರೇಡ್ ಡಾಲರ್ (1873–1885): 27.22 ಗ್ರಾಂ, 38.1 ಮಿ.ಮೀ., 900 ಭಾಗ ಬೆಳ್ಳಿ.
ಮಾರಿಯಾ ತೆರೇಸಾ ಥೇಲರ್: 28.07 ಗ್ರಾಂ, ಸುಮಾರು 40 ಮಿ.ಮೀ., 833 ಭಾಗ ಬೆಳ್ಳಿ.
ಬ್ರಿಟನ್ನಿನ ಹಾಫ್ ಕ್ರೌನ್: 14.14 ಗ್ರಾಂ, ಸುಮಾರು 32 ಮಿ.ಮೀ.; 1919ರವರೆಗೆ 925 ಭಾಗ ಬೆಳ್ಳಿ, 1920ರಿಂದ 1946ರವರೆಗೆ 500 ಭಾಗ, 1947ರಿಂದ ಬೆಳ್ಳಿಯೇ ಇಲ್ಲ.
ಬ್ರಿಟನ್ನಿನ ಕಂಚಿನ ದೊಡ್ಡ ಪೆನ್ನಿ: ಸುಮಾರು 9.4 ಗ್ರಾಂ, 30.8 ಮಿ.ಮೀ.

ನಿಮ್ಮ ನಾಣ್ಯ ಈ ಪಟ್ಟಿಯಲ್ಲಿ ಇಲ್ಲದಿದ್ದರೆ ನ್ಯೂಮಿಸ್ಟಾ ಎಂಬ ಜಾಲತಾಣದಲ್ಲಿ ದೇಶ, ಮೌಲ್ಯ, ವರ್ಷ ಹಾಕಿ ಹುಡುಕಿ, ಉಚಿತವಾಗಿ ನೋಡಬಹುದು. ಅಲ್ಲಿ ಕಾಣುವ ಕೆ.ಎಂ. ಸಂಖ್ಯೆ ಎಂಬುದು ಜಗತ್ತಿನ ನಾಣ್ಯಗಳಿಗೆ ಕೊಟ್ಟಿರುವ ಪಟ್ಟಿಯ ಸಂಖ್ಯೆ. ಅದನ್ನು ಬರೆದಿಟ್ಟುಕೊಂಡರೆ ಮುಂದೆ ಯಾವ ಸಂಗ್ರಾಹಕರ ಬಳಿ ಹೋದರೂ ಮಾತು ಸರಾಗವಾಗುತ್ತದೆ.

ಸವೆದ ನಾಣ್ಯ ಸ್ವಲ್ಪ ತೂಕ ಕಳೆದುಕೊಂಡಿರುತ್ತದೆ, ಅದು ಸಹಜ. ಆದರೆ ಸವಕಲಿಗೆ ತಕ್ಕಷ್ಟೇ ಕಳೆದಿರಬೇಕು: ಮೂಗು, ಕೂದಲು, ಅಕ್ಷರ ಎಲ್ಲವೂ ಚೂಪಾಗಿದ್ದು ತೂಕ ಮಾತ್ರ ಎರಡು ಗ್ರಾಂ ಕಡಿಮೆ ಎಂದರೆ ನಂಬಬೇಡಿ. ನಿಗದಿಗಿಂತ ಹೆಚ್ಚು ತೂಗುವ ನಾಣ್ಯವನ್ನು ಅದಕ್ಕಿಂತಲೂ ಕಡಿಮೆ ನಂಬಿ, ಏಕೆಂದರೆ ಸವೆದು ತೂಕ ಹೆಚ್ಚಾಗುವುದಿಲ್ಲ. ಸವರನ್ ವಿಷಯದಲ್ಲಿ ಬ್ರಿಟಿಷ್ ಕಾನೂನೇ ಒಂದು ಗಡಿ ಹಾಕಿತ್ತು: 7.94 ಗ್ರಾಂಗಿಂತ ಕೆಳಗಿಳಿದ ಸವರನ್ ಚಲಾವಣೆಗೆ ಯೋಗ್ಯವಲ್ಲ. ಸರದಿಂದ ಬಿಚ್ಚಿದ ನಾಣ್ಯವಾದರೆ ಕೊಂಡಿಯ ಬೆಸುಗೆ ಉಳಿದು ತೂಕ ಹೆಚ್ಚಾಗಿರಬಹುದು. ಮೇಲಂಚಿನಲ್ಲಿ ಬೆಸುಗೆಯ ಕಲೆ ಹುಡುಕಿ.

ಅಳೆಯುವಾಗಲೇ ಎರಡು ಸಣ್ಣ ವಿಷಯ ಗಮನಿಸಿ. ಒಂದು, ಅಂಚು, ಅಂದರೆ ನಾಣ್ಯದ ದಪ್ಪ ಕಾಣುವ ಬದಿ. ಅದು ನುಣುಪೋ, ಉದ್ದಕ್ಕೂ ಸಮನಾದ ಗೆರೆಗಳಿವೆಯೋ, ಬರಹವಿದೆಯೋ ಎಂಬುದು ಪಟ್ಟಿಯಲ್ಲಿ ಹೇಳಿದ್ದಕ್ಕೆ ಹೊಂದಬೇಕು. ಥೇಲರಿನ ಅಂಚಿನಲ್ಲಿ 'ನ್ಯಾಯ ಮತ್ತು ದಯೆ' ಎಂಬರ್ಥದ ಲ್ಯಾಟಿನ್ ಬರಹ ಉಬ್ಬಾಗಿರುತ್ತದೆ, ಅಗ್ಗದ ನಕಲಿನಲ್ಲಿ ಬರೀ ಗೆರೆ. ಎರಡು, ಮುಂಬದಿ ಮತ್ತು ಹಿಂಬದಿಗಳ ದಿಕ್ಕು. ನಾಣ್ಯದ ತಲೆಯನ್ನೂ ಬುಡವನ್ನೂ ಎರಡು ಬೆರಳಲ್ಲಿ ಹಿಡಿದು ಪಕ್ಕಕ್ಕೆ ತಿರುಗಿಸಿ. ಅಮೆರಿಕದ ಡಾಲರ್ ಆದರೆ ಹಿಂಬದಿ ತಲೆಕೆಳಗಾಗಿ ಕಾಣಬೇಕು. ನೆಟ್ಟಗೆ ಕಂಡರೆ ಅನುಮಾನಿಸಿ.

5. ಅಯಸ್ಕಾಂತ ಮತ್ತು ನೀರು

ಚಿನ್ನ, ಬೆಳ್ಳಿ, ತಾಮ್ರ ಇವು ಅಯಸ್ಕಾಂತಕ್ಕೆ ಅಂಟುವುದಿಲ್ಲ. ಬೆಳ್ಳಿಯದೆಂದು ಹೇಳುವ ಡಾಲರ್ ಅಂಟಿಕೊಂಡರೆ ಅದು ಬೆಳ್ಳಿಯ ನೀರು ಕುಡಿಸಿದ ಕಬ್ಬಿಣ. ಆದರೆ ಅಂಟಲಿಲ್ಲವೆಂಬ ಮಾತ್ರಕ್ಕೆ ಅಸಲಿಯಾಗದು, ಹಿತ್ತಾಳೆಯೂ ಸೀಸವೂ ಅಂಟುವುದಿಲ್ಲ. ಅಂಟಿದ್ದೆಲ್ಲ ಖೋಟಾವೂ ಅಲ್ಲ: 1881ರಿಂದ 1938ರವರೆಗಿನ ಸ್ವಿಟ್ಜರ್ಲೆಂಡಿನ 20 ರಾಪನ್ ಶುದ್ಧ ನಿಕಲ್ಲಿನದು, ಅದು ಅಂಟಲೇಬೇಕು. ಮೊದಲ ಮಹಾಯುದ್ಧದ ಕಾಲದ ಜರ್ಮನಿಯ ಚಿಲ್ಲರೆ ಕಬ್ಬಿಣದ್ದು.

ನೀರಿನ ಪರೀಕ್ಷೆ ಇದಕ್ಕಿಂತ ಬಹಳ ಮೇಲು. ಲೋಹದ ಸಾಂದ್ರತೆಯನ್ನು, ಅಂದರೆ ಒಂದು ಘನ ಸೆಂಟಿಮೀಟರ್ ಗಾತ್ರಕ್ಕೆ ಎಷ್ಟು ಗ್ರಾಂ ತೂಗುತ್ತದೆ ಎಂಬುದನ್ನು ಇದು ಹೇಳುತ್ತದೆ. ಮೊದಲು ನಾಣ್ಯವನ್ನು ಒಣಗಿದ್ದಾಗಲೇ ತೂಗಿ ಬರೆದುಕೊಳ್ಳಿ. ಬಳಿಕ ಹಗುರವಾದ ಪ್ಲಾಸ್ಟಿಕ್ ಲೋಟಕ್ಕೆ ಮುಕ್ಕಾಲು ನೀರು ಹಾಕಿ ತಕ್ಕಡಿಯ ಮೇಲಿಟ್ಟು ಅಂಕಿಯನ್ನು ಸೊನ್ನೆಗೆ ತನ್ನಿ. ನಾಣ್ಯಕ್ಕೆ ತೆಳು ದಾರ ಸುತ್ತಿ ನೀರಿನಲ್ಲಿ ಪೂರ್ತಿ ಮುಳುಗುವಂತೆ ಇಳಿಬಿಡಿ. ಅದು ಲೋಟದ ತಳಕ್ಕೂ ಬದಿಗೂ ತಾಗಕೂಡದು, ಮೈಗೆ ಗಾಳಿಗುಳ್ಳೆ ಅಂಟಿರಕೂಡದು. ಈಗ ತಕ್ಕಡಿ ತೋರಿಸುವ ಅಂಕಿಯಿಂದ ಮೊದಲಿನ ತೂಕವನ್ನು ಭಾಗಿಸಿ.

ರಾಬರ್ಟ್‌ಸನ್‌ಪೇಟೆಯ ಮನೆಯೊಂದರಲ್ಲಿ ನಾನು ನೋಡಿದ ಎರಡು ಬ್ರಿಟಿಷ್ ಟ್ರೇಡ್ ಡಾಲರುಗಳನ್ನೇ ಉದಾಹರಣೆಗೆ ತೆಗೆದುಕೊಳ್ಳಿ. ಒಂದು ಬದಿಯಲ್ಲಿ ತ್ರಿಶೂಲ ಮತ್ತು ಗುರಾಣಿ ಹಿಡಿದು ನಿಂತ ಬ್ರಿಟಾನಿಯಾ, ಇನ್ನೊಂದು ಬದಿಯಲ್ಲಿ ಚೀನೀ ಅಕ್ಷರ ಮತ್ತು ಅರಬ್ಬಿ ಲಿಪಿಯ ಮಲಯ ಬರಹ. ಎರಡೂ ಒಂದೇ ಅಚ್ಚಿನಿಂದ ಬಂದಂತೆ ಕಂಡವು. ಮೊದಲನೆಯದು 26.89 ಗ್ರಾಂ ತೂಗಿತು, ನೀರಿನಲ್ಲಿ 2.60 ತೋರಿಸಿತು, ಭಾಗಿಸಿದರೆ 10.34. ಸಾವಿರಕ್ಕೆ 900 ಭಾಗದ ಬೆಳ್ಳಿಗೆ 10.3ರ ಆಸುಪಾಸು ಬರಬೇಕು, ಬಂತು. ಎರಡನೆಯದು 22.60 ಗ್ರಾಂ ತೂಗಿತು, ನೀರಿನಲ್ಲಿ 2.61, ಭಾಗಿಸಿದರೆ 8.66. ಅದು ಬೆಳ್ಳಿಯಲ್ಲ, ಹಿತ್ತಾಳೆಯ ಜಾತಿಯದು. ಕಣ್ಣಿಗೆ ಕಾಣದ ವ್ಯತ್ಯಾಸವನ್ನು ಒಂದು ಲೋಟ ನೀರು ಐದು ನಿಮಿಷದಲ್ಲಿ ಹೇಳಿತು. ಮೊದಲನೆಯದರ ತ್ರಿಶೂಲದ ನಡುವಿನ ಮೊನೆಯಲ್ಲಿ ಮಸೂರಕ್ಕೆ ಮಾತ್ರ ಕಾಣುವ 'ಬಿ' ಅಕ್ಷರವಿತ್ತು: ಮುಂಬಯಿ ಟಂಕಸಾಲೆಯ ಗುರುತು. ಚೀನಾದ ವ್ಯಾಪಾರಕ್ಕೆಂದು ಹೊರಟ ನಾಣ್ಯ ನಮ್ಮ ದೇಶದಲ್ಲೇ ಹುಟ್ಟಿತ್ತು.

ಹೋಲಿಸಲು ಬೇಕಾದ ಅಂಕಿಗಳು: ಶುದ್ಧ ಬೆಳ್ಳಿ 10.49, ಶುದ್ಧ ಚಿನ್ನ 19.3, ತಾಮ್ರ 8.96, ಸೀಸ 11.34, ಸತು 7.1, 22 ಕ್ಯಾರೆಟ್ ಚಿನ್ನದ ಸವರನ್ ಸುಮಾರು 17.5ರ ಮೇಲೆ. ಸಣ್ಣ ನಾಣ್ಯಗಳಲ್ಲಿ ಈ ಪರೀಕ್ಷೆಯ ತಪ್ಪು ಹೆಚ್ಚುತ್ತದೆ. ಸವರನ್ ನೀರಿನಲ್ಲಿ ಬರೀ 0.45 ತೋರಿಸುವುದರಿಂದ ಒಂದು ಅಂಕಿ ಆಚೀಚೆಯಾದರೂ ಉತ್ತರ ಜಾರುತ್ತದೆ. ಮೂರು ಸಲ ಮಾಡಿ ಸರಾಸರಿ ತೆಗೆಯಿರಿ.

6. ಮಸೂರದಡಿ ನೋಡಿ

ಅಸಲಿ ನಾಣ್ಯ ಅಚ್ಚಿನ ಒತ್ತಡದಿಂದ ಹುಟ್ಟುತ್ತದೆ. ಅಗ್ಗದ ಖೋಟಾ ಎರಕದಿಂದ ಹುಟ್ಟುತ್ತದೆ, ಅಂದರೆ ಕರಗಿದ ಲೋಹವನ್ನು ಮೂಸೆಯಿಂದ ಪಡಿಯಚ್ಚಿಗೆ ಸುರಿದದ್ದು. ಎರಕದ ನಾಣ್ಯದ ಬಯಲು ಭಾಗದಲ್ಲಿ ಸೂಜಿಮೊನೆಯಂಥ ಗುಳಿಗಳೂ ಸಣ್ಣ ಬೊಬ್ಬೆಗಳೂ ಕಾಣುತ್ತವೆ. ಅಕ್ಷರಗಳ ಬುಡ ಬಯಲಿನೊಂದಿಗೆ ಕರಗಿಹೋದಂತಿರುತ್ತದೆ, ಸೋಪಿನ ಮೇಲೆ ಕೊರೆದ ಹೆಸರು ಎರಡು ದಿನ ಬಳಸಿದ ಮೇಲೆ ಕಾಣುವ ಹಾಗೆ. ಅಂಚಿನ ಸುತ್ತ ಒಂದು ಸೇರುಗೆರೆ ಅಥವಾ ಅದನ್ನು ಅಳಿಸಲು ಅರ ಹಾಕಿದ ಗೀರುಗಳು ಇದ್ದರೆ ಎರಡು ಹೋಳುಗಳನ್ನು ಸೇರಿಸಿದ್ದಾರೆ ಎಂದರ್ಥ.

ಅಚ್ಚು ಹಾಕಿಯೇ ಮಾಡಿದ ಖೋಟಾಗಳೂ ಇವೆ, ಅವು ಇಷ್ಟು ಸುಲಭವಾಗಿ ಸಿಕ್ಕುವುದಿಲ್ಲ. ಅಲ್ಲಿ ವರ್ಷದ ಅಂಕಿಗಳ ರೂಪವನ್ನು, ಅಕ್ಷರಗಳ ನಡುವಿನ ಅಂತರವನ್ನು, ಅಸಲಿಯ ಒಳ್ಳೆಯ ಚಿತ್ರವನ್ನು ಪಕ್ಕದಲ್ಲಿಟ್ಟು ಒಂದೊಂದಾಗಿ ಹೋಲಿಸಬೇಕು. ಎರಡು ನಾಣ್ಯಗಳಲ್ಲಿ ಒಂದೇ ಜಾಗದಲ್ಲಿ ಒಂದೇ ಆಕಾರದ ಪೆಟ್ಟಿನ ಗುರುತಿದ್ದರೆ ಎರಡೂ ಒಂದೇ ತಾಯಿನಾಣ್ಯದಿಂದ ತೆಗೆದ ನಕಲುಗಳು. ಅಸಲಿ ನಾಣ್ಯವನ್ನೇ ತಿದ್ದುವುದು ಮತ್ತೊಂದು ಬಗೆ. ಅಪರೂಪದ ವರ್ಷ ಬರಲೆಂದು ಒಂದು ಅಂಕಿಯನ್ನು ಕೆತ್ತಿ ಬದಲಿಸುತ್ತಾರೆ. 1933ರ ಬ್ರಿಟಿಷ್ ಪೆನ್ನಿ ಬೆರಳೆಣಿಕೆಯಷ್ಟು ಮಾತ್ರ ತಯಾರಾಗಿದ್ದರಿಂದ ಆ ವರ್ಷದ ಪೆನ್ನಿ ಕೈಗೆ ಬಂದರೆ ಕೊನೆಯ ಅಂಕಿಯ ಸುತ್ತಲಿನ ಬಯಲನ್ನೇ ಮೊದಲು ನೋಡಿ.

ಪೂರ್ವ ದೇಶಗಳಲ್ಲಿ ಓಡಾಡಿದ ಡಾಲರುಗಳ ಮೇಲೆ ಸಣ್ಣ ಸಣ್ಣ ಚೀನೀ ಮುದ್ರೆಗಳನ್ನು ಗುದ್ದಿರುವುದುಂಟು. ನಮ್ಮ ಚಿನಿವಾರರು ನಾಣ್ಯ ಪರೀಕ್ಷಿಸಿ ಗುರುತು ಹಾಕುತ್ತಿದ್ದಂತೆ ಅಲ್ಲಿನ ವರ್ತಕರು ಹಾಕಿದ ಗುರುತುಗಳು ಅವು. ಹಾಳಾದ ನಾಣ್ಯವೆಂದು ಎಸೆಯಬೇಡಿ, ಹಾಗೆಂದು ಅಸಲಿತನದ ಪುರಾವೆಯೆಂದೂ ತಿಳಿಯಬೇಡಿ. ಖೋಟಾದ ಮೇಲೂ ಖೋಟಾ ಮುದ್ರೆ ಗುದ್ದುವವರಿದ್ದಾರೆ.

7. ಚರಿತ್ರೆಯೊಂದಿಗೆ ತಾಳೆ ನೋಡಿ

ಖೋಟಾ ಮಾಡುವವರು ಹಲವು ವೇಳೆ ಚರಿತ್ರೆ ಓದಿರುವುದಿಲ್ಲ. ನಾಣ್ಯ ಸಂಗ್ರಹದ ಮೊದಲ ದಿನಗಳಲ್ಲಿ ನಾನೂ 1872 ಎಂದು ಬರೆದಿದ್ದ ಅಮೆರಿಕದ ಟ್ರೇಡ್ ಡಾಲರನ್ನು ಹಳೆಯ ಸಾಮಾನಿನ ಸಂತೆಯಲ್ಲಿ ಚೌಕಾಸಿ ಮಾಡಿ ಕೊಂಡು ಹಿಗ್ಗಿದ್ದೆ. ಆ ನಾಣ್ಯ ಮೊದಲು ಹೊರಟದ್ದೇ 1873ರಲ್ಲಿ. ಪಟ್ಟಿಯಲ್ಲಿ ಇಲ್ಲದ ವರ್ಷ ಕಂಡರೆ ಅದು ಅಪರೂಪದ್ದೆಂದು ಸಂತೋಷಪಡುವ ಬದಲು ಅಸಾಧ್ಯದ್ದೆಂದು ತಿಳಿಯುವುದು ಕ್ಷೇಮ. ಅಮೆರಿಕದ 1804ರ ಡಾಲರ್ ಜಗತ್ತಿನಲ್ಲಿ ಗೊತ್ತಿರುವುದು ಇಪ್ಪತ್ತಕ್ಕೂ ಕಡಿಮೆ; ಅದು ಮಾಲೂರಿನ ಗುಜರಿ ಅಂಗಡಿಗೆ ಬರುವುದಿಲ್ಲ.

ರಾಮನ ಪಟ್ಟಾಭಿಷೇಕ ಅಥವಾ ಹನುಮಂತನ ಚಿತ್ರವಿದ್ದು, ಹಿಂಬದಿಯಲ್ಲಿ ಈಸ್ಟ್ ಇಂಡಿಯಾ ಕಂಪನಿ, 1818 ಎಂದು ಬರೆದಿರುವ ತಾಮ್ರದ ಬಿಲ್ಲೆಯ ಫೋಟೊ ಎಲ್ಲಕ್ಕಿಂತ ಹೆಚ್ಚಾಗಿ ಬರುತ್ತದೆ. ಕಂಪನಿ ಅಂಥ ನಾಣ್ಯವನ್ನು ಎಂದೂ ಹೊರಡಿಸಲಿಲ್ಲ. ಅವು ದೇವಸ್ಥಾನಗಳ ಎದುರು ಮಾರುವ ಬಿಲ್ಲೆಗಳು. ಪೂಜೆಗಿಟ್ಟಿದ್ದರೆ ಇಟ್ಟುಕೊಳ್ಳಿ, ಲಕ್ಷದ ಆಸೆ ಬಿಡಿ.

ಸವರನ್ ಮತ್ತು ಪುತಳಿ: ಎರಡು ವಿಶೇಷ ಪ್ರಸಂಗಗಳು

ಸವರನ್‌ನಲ್ಲಿ ಚಿನ್ನ ಸರಿಯಿದ್ದರೂ ನಾಣ್ಯ ಖೋಟಾ ಆಗಿರಬಹುದು. ಹಿಂದೆ ಲೆಬನಾನಿನ ಬೈರೂತ್ ಕಡೆಯಿಂದ ಒಳ್ಳೆಯ ಚಿನ್ನದಲ್ಲೇ ಮಾಡಿದ ಖೋಟಾ ಸವರನ್‌ಗಳು ಬಂದವು. ಹಾಗಾಗಿ ಆಭರಣದ ಅಂಗಡಿಯ ಯಂತ್ರ 916 ಎಂದು ತೋರಿಸಿತೆಂದು ಸಂಗ್ರಾಹಕರ ಬೆಲೆ ಕೊಡಬೇಡಿ. ಆ ಯಂತ್ರ ಕ್ಷ-ಕಿರಣದಿಂದ ಮೇಲ್ಮೈಯನ್ನಷ್ಟೇ ಓದುತ್ತದೆ. ಚಿನ್ನದ ನೀರನ್ನು ದಪ್ಪವಾಗಿ ಕುಡಿಸಿದ್ದರೆ ಅದಕ್ಕೂ ಮೋಸವಾಗುತ್ತದೆ. ಟಂಕಸಾಲೆಯ ಗುರುತನ್ನು ವರ್ಷದೊಂದಿಗೆ ಹೊಂದಿಸಿ ನೋಡಿ: ಹಳೆಯ ಸವರನ್‌ಗಳಲ್ಲಿ 'ಐ' ಎಂಬ ಮುಂಬಯಿಯ ಗುರುತು 1918ರದರಲ್ಲಿ ಮಾತ್ರ ಇರುತ್ತದೆ, ಕುದುರೆ ಸವಾರನ ಕೆಳಗೆ ನೆಲದ ಗೆರೆಯ ಮೇಲೆ, ವರ್ಷದ ನಡುಭಾಗಕ್ಕೆ ನೇರವಾಗಿ. 'ಎಸ್' ಸಿಡ್ನಿ, 'ಎಂ' ಮೆಲ್ಬರ್ನ್, 'ಪಿ' ಪರ್ತ್, 'ಎಸ್ ಎ' ದಕ್ಷಿಣ ಆಫ್ರಿಕದ ಪ್ರಿಟೋರಿಯಾ.

ಪುತಳಿ ವೆನಿಸ್ ನಗರದ ಡುಕಾಟ್ ಎಂಬ ಚಿನ್ನದ ನಾಣ್ಯ. ಅದರ ಮೇಲಿನ ಮನುಷ್ಯರೂಪಗಳನ್ನು ಕಂಡು ನಮ್ಮವರು ಬೊಂಬೆಯ ನಾಣ್ಯ ಎಂಬ ಅರ್ಥದಲ್ಲಿ ಪುತಳಿ ಎಂದರು. ಸಂತ ಮಾರ್ಕನ ಮುಂದೆ ಮಂಡಿಯೂರಿದ ವೆನಿಸ್ ದೊರೆ ಒಂದು ಬದಿಗೆ, ನಕ್ಷತ್ರಗಳ ನಡುವೆ ಅಂಡಾಕಾರದ ಚೌಕಟ್ಟಿನಲ್ಲಿ ನಿಂತ ಕ್ರಿಸ್ತ ಇನ್ನೊಂದು ಬದಿಗೆ. ಅಸಲಿ ಸುಮಾರು 3.5 ಗ್ರಾಂ ತೂಗುತ್ತದೆ, ಅಪ್ಪಟ ಚಿನ್ನ, ವ್ಯಾಸ 20–21 ಮಿ.ಮೀ. 1797ರಲ್ಲಿ ವೆನಿಸ್ ಗಣರಾಜ್ಯವೇ ಅಳಿಯಿತು, ಆದರೆ ಪುತಳಿಯ ಬೇಡಿಕೆ ಇಲ್ಲಿ ಅಳಿಯಲಿಲ್ಲ. ನಮ್ಮ ಅಕ್ಕಸಾಲಿಗರು ಸರಕ್ಕೆಂದೇ ಅದರ ಪಡಿಯಚ್ಚು ತೆಗೆದು ಮಾಡಿದರು. ಲ್ಯಾಟಿನ್ ಓದಲು ಬಾರದವರು ಕೊರೆದ ಅಕ್ಷರಗಳು ಬರೀ ಕಡ್ಡಿ ಚುಕ್ಕೆಗಳಾಗಿರುತ್ತವೆ. ಅದನ್ನು ನೋಡಿಯೇ ಗುರುತಿಸಬಹುದು. ಇವನ್ನು ಖೋಟಾ ಎನ್ನಲು ನನಗೆ ಮನಸ್ಸಿಲ್ಲ, ಮೋಸ ಮಾಡುವುದಕ್ಕೆ ಮಾಡಿದ್ದಲ್ಲ, ಒಡವೆಗೆ ಮಾಡಿದ್ದು. ಆದರೆ ಡುಕಾಟ್ ಎಂದು ಹೇಳಿ ಮಾರಿದರೆ ಅದು ಮೋಸವೇ.

8. ಮಾರುವ, ಕೊಳ್ಳುವ ಮುನ್ನ

ಹಳೆಯ ನಾಣ್ಯಕ್ಕೆ ಲಕ್ಷಗಟ್ಟಲೆ ಕೊಡುತ್ತೇವೆಂದು ಜಾಹೀರಾತು ಹಾಕಿ, ಮೊದಲು ನೋಂದಣಿ ಶುಲ್ಕ, ತೆರಿಗೆ, ಕಮಿಷನ್ ಕಟ್ಟಿ ಎನ್ನುವವರೆಲ್ಲ ವಂಚಕರು. ರಿಸರ್ವ್ ಬ್ಯಾಂಕಿನ ಹೆಸರನ್ನು ಹೀಗೆ ಬಳಸುತ್ತಿರುವುದರ ಬಗ್ಗೆ ಆ ಬ್ಯಾಂಕೇ 2021ರ ಆಗಸ್ಟ್‌ನಲ್ಲಿ ಜನರನ್ನು ಎಚ್ಚರಿಸಿದೆ. ಇಂಥ ವ್ಯವಹಾರ ತಾನು ಮಾಡುವುದಿಲ್ಲ, ಯಾರಿಗೂ ಅಧಿಕಾರ ಕೊಟ್ಟಿಲ್ಲ ಎಂದೂ ಹೇಳಿದೆ. ಅಕ್ಕಿಯನ್ನು ಎಳೆಯುವ ಶಕ್ತಿಯ ನಾಣ್ಯ, 'ರೈಸ್ ಪುಲ್ಲಿಂಗ್' ಎಂದು ಹತ್ತಿರ ಬರುವವರನ್ನು ಮನೆಯ ಹೊಸ್ತಿಲು ದಾಟಿಸಬೇಡಿ. ನಾಣ್ಯ ಯಾವ ದೇಶದ್ದಾದರೂ ಅಕ್ಕಿ ಎಳೆಯುವುದಿಲ್ಲ. ಅಕ್ಕಿಗೆ ಕಬ್ಬಿಣದ ಪುಡಿ ಸವರಿ ಅಯಸ್ಕಾಂತ ಬಚ್ಚಿಟ್ಟರೆ ಎಳೆಯುತ್ತದೆ.

ನೂರು ವರ್ಷ ಮೀರಿದ ನಾಣ್ಯ 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ ಪುರಾತನ ವಸ್ತು. ಅದು ಮೂಲದಲ್ಲಿ ವಿದೇಶದ್ದೇ ಆಗಿದ್ದರೂ ಖಾಸಗಿ ವ್ಯಕ್ತಿ ಅದನ್ನು ದೇಶದಿಂದ ಹೊರಕ್ಕೆ ಕಳಿಸುವಂತಿಲ್ಲ. ದುಬೈಯಲ್ಲಿರುವ ನೆಂಟರಿಗೆ ಕೊರಿಯರ್ ಮಾಡುವ ಯೋಚನೆಯಿದ್ದರೆ ಕೈಬಿಡಿ. ಹೊಲ ಉಳುವಾಗ, ಪಾಯ ತೋಡುವಾಗ ಮಣ್ಣಿನಡಿ ಸಿಕ್ಕ ನಾಣ್ಯಗಳ ಮಾತೇ ಬೇರೆ: ಅವು ನಿಧಿಯ ಕಾನೂನಿಗೆ ಬರುತ್ತವೆ, ತಹಸೀಲ್ದಾರರ ಮೂಲಕ ಜಿಲ್ಲಾಧಿಕಾರಿಗೆ ತಿಳಿಸಬೇಕು.

ಪಿ.ಸಿ.ಜಿ.ಎಸ್., ಎನ್.ಜಿ.ಸಿ. ಎಂಬ ಅಮೆರಿಕದ ಸಂಸ್ಥೆಗಳು ನಾಣ್ಯ ಪರೀಕ್ಷಿಸಿ, ಸಂಖ್ಯೆ ಹಾಕಿದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿ ಕೊಡುತ್ತವೆ. ಅಂಥ ಡಬ್ಬಿಯಲ್ಲಿರುವುದನ್ನು ಕೊಳ್ಳುವಾಗ ಸಂಖ್ಯೆಯನ್ನು ಆಯಾ ಸಂಸ್ಥೆಯ ಜಾಲತಾಣದಲ್ಲಿ ಹಾಕಿ, ಅಲ್ಲಿನ ಚಿತ್ರವನ್ನು ಕೈಯಲ್ಲಿರುವುದರ ಜೊತೆ ಹೋಲಿಸಿ. ಡಬ್ಬಿಯನ್ನೂ ನಕಲು ಮಾಡುತ್ತಾರೆ.

ಯಾರಿಗಾದರೂ ಫೋಟೊ ಕಳಿಸುವುದಾದರೆ ಕಿಟಕಿಯ ಪಕ್ಕ, ಫ್ಲಾಷ್ ಇಲ್ಲದೆ, ಬೆಳಕು ಓರೆಯಾಗಿ ಬೀಳುವಂತೆ ಇಟ್ಟು ನಾಲ್ಕು ಚಿತ್ರ ತೆಗೆಯಿರಿ: ಮುಂಬದಿ, ಹಿಂಬದಿ, ಅಂಚು, ಮತ್ತು ತಕ್ಕಡಿಯ ಮೇಲೆ ಅಂಕಿ ಕಾಣುವಂತೆ ಒಂದು. ಆಮೇಲೆ ನಾಣ್ಯವನ್ನು ಮೈಲಾರ್ ಎಂಬ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ಚೀಲದಲ್ಲಿ ಅಥವಾ ನಾಣ್ಯಕ್ಕೆಂದೇ ಸಿಗುವ ರಟ್ಟಿನ ಚೌಕಟ್ಟಿನಲ್ಲಿ ಇಡಿ. ಮೆತ್ತನೆಯ ಪಿ.ವಿ.ಸಿ. ಚೀಲ ಕೆಲವು ವರ್ಷಗಳಲ್ಲಿ ನಾಣ್ಯದ ಮೇಲೆ ಹಸಿರು ಜಿಡ್ಡು ಬಿಡುತ್ತದೆ, ರಬ್ಬರ್ ಬ್ಯಾಂಡಿನ ಗಂಧಕ ಬೆಳ್ಳಿಯನ್ನು ಕಪ್ಪಾಗಿಸುತ್ತದೆ. ಚೌಕಟ್ಟಿನ ಮೇಲೆ ದೇಶ, ವರ್ಷ, ತೂಕ, ವ್ಯಾಸ, ನೀರಿನ ಲೆಕ್ಕ, ನಾಣ್ಯ ಮನೆಗೆ ಬಂದದ್ದು ಯಾರಿಂದ ಎಂಬುದನ್ನು ಪೆನ್ಸಿಲ್ಲಿನಲ್ಲಿ ಬರೆದಿಡಿ. ನಾಣ್ಯವನ್ನು ಒಳಗೆ ಹಾಕುವ ಮೊದಲೇ ಬರೆಯಿರಿ, ಹಾಕಿದ ಮೇಲೆ ಬರೆದರೆ ಒತ್ತು ನಾಣ್ಯದ ಮೇಲೆ ಬೀಳುತ್ತದೆ.